ಒರಿಜಿನಲ್ಲೇ ತಗೋಬಹುದಿತ್ತಲ್ಲ?

ಗೋಡೆಯ ಮೇಲಿನ ಗಿಟಾರು ನೋಡಿದವರೆಲ್ಲ ಕೇಳುವುದು ಇದನ್ನೇ. ಆಗಲ್ಲ. ಇನ್ನು ಮನೆಗೆ ಬರುವವರು ದಯವಿಟ್ಟು ಇದನ್ನು ಓದಿಕೊಂಡೇ ಬನ್ನಿ. ಹೇಳಿ ಹೇಳಿ ಗಂಟಲು ಒಣಗಿದೆ.

ನಮ್ಮ ಗೋಡೆಯ ಮೇಲಿರುವುದು 1920ರ ದಶಕದ ಸ್ಟೆಲ್ಲಾ ಎಂಬ ಬ್ರ್ಯಾಂಡಿನ ಹನ್ನೆರಡು ತಂತಿ ಗಿಟಾರಿನ ಪ್ರತಿರೂಪ, ಕೈಯಲ್ಲಿ ಮಾಡಿದ್ದು. ಮೂಲ ಸ್ಟೆಲ್ಲಾಗಳನ್ನು ಮಾಡುತ್ತಿದ್ದದ್ದು ಆಸ್ಕರ್ ಶ್ಮಿಟ್ ಕಂಪನಿ, ಅಮೆರಿಕದಲ್ಲಿ ನಾವಿರುವ ಇದೇ ಜೆರ್ಸಿ ಸಿಟಿಯಲ್ಲಿ. (ಸಾಂಬಾರ್ ಪುಡಿಗೆಂದು ಮಾತ್ರ ಈ ಊರಿಗೆ ಬರುವವರಿಗೆ ಹೇಳಿದೆ.) ಅವು ಕಾಸಿಲ್ಲದವರ ಗಿಟಾರು. ಬರ್ಚ್ ಮರದ ಹಗುರ ಮೈ, ಸ್ಪ್ರೂಸಿನ ಮೇಲುಹಲಗೆ, ಅದರಡಿ ಸಾಲಾಗಿ ಅಡ್ಡಪಟ್ಟಿಗಳು. ಹನ್ನೆರಡು ತಂತಿಯ ಎಳೆತಕ್ಕೆ ಎಷ್ಟೋ ಗಿಟಾರುಗಳ ಕತ್ತು ಬಾಗಿತು, ಹಲಗೆ ಕುಸಿಯಿತು. ಉಳಿದ ಕೆಲವನ್ನು ಸಂಗ್ರಾಹಕರು ಬಿಡುವುದಿಲ್ಲ. ಬಿಟ್ಟರೂ ಬಿಚ್ಚಿ ರಿಪೇರಿ ಮಾಡಿಸದೆ ನುಡಿಸುವಂತಿರುವುದು ಅಪರೂಪ.

‘ಮಾಡಿಸಿದ್ದೇ ಮಾಡಿಸಿದೆ, ಗಟ್ಟಿಯಾಗಿ ಮಾಡಿಸಬಾರದಿತ್ತಾ?’ ಮರ ದಪ್ಪ ಮಾಡಿದರೆ ಸದ್ದೇ ಸಾಯುತ್ತದೆ ಸ್ವಾಮಿ. ಆ ಅಗ್ಗದ ಮಾಲಿನ ಹಗುರತನವನ್ನು ಮುರಿಯದ ಹಾಗೆ ಮತ್ತೆ ತರುವುದಕ್ಕೇ ನಾನು ದುಡ್ಡು ಕೊಟ್ಟದ್ದು. ನುಡಿಸೋಕೆ ಬರುತ್ತಾ ಅಂದರೆ, ಬರುತ್ತೆ. ಸ್ವಲ್ಪ.

ಯುಗಾದಿ ಊಟಕ್ಕೆ ಬಂದ ಒಬ್ಬರು ‘ಡೂಪ್ಲಿಕೇಟಾ?’ ಎಂದು ದನಿ ತಗ್ಗಿಸಿ ಕೇಳಿದರು, ನಕಲಿ ವಾಚು ಕಟ್ಟಿಕೊಂಡು ಸಿಕ್ಕಿಬಿದ್ದವನನ್ನು ಸಮಾಧಾನ ಮಾಡುವ ಹಾಗೆ. ಆಮೇಲೆ ಒಂದು ತಂತಿ ಮೀಟಿ, ಮೊಬೈಲಿನಲ್ಲಿ ಟ್ಯೂನರ್ ತೆರೆದು, ‘ಶ್ರುತಿ ಪೂರ್ತಿ ಇಳಿದುಹೋಗಿದೆ, ಸರಿ ಮಾಡಿಕೊಡ್ತೀನಿ’ ಎಂದು ಗಿಟಾರಿನ ತಂತಿ ಬಿಗಿಸುವ ಕಿವಿ ತಿರುಪಲು ಹೊರಟರು. ಹೋಳಿಗೆ ಬಿಟ್ಟು ಓಡಿಬಂದು ಕಿತ್ತುಕೊಂಡೆ.

ಯಾಕೆ ಶ್ರುತಿ ಇಷ್ಟು ಕೆಳಗೆ ಕಟ್ಟಿದ್ದೀಯ ಅಂತ ಒಬ್ಬರಾದರೂ ಕೇಳಬಾರದಾ? ಅಮೆರಿಕದ ಜಾನಪದ, ಬ್ಲೂಸ್ ಗಾಯಕ ಲೆಡ್ ಬೆಲ್ಲಿ ಹಾಗೆ ಕಟ್ಟುತ್ತಿದ್ದ. 1933ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಲೂಯಿಸಿಯಾನದ ಅಂಗೋಲಾ ಜೈಲಿನಲ್ಲಿ ಧ್ವನಿಮುದ್ರಿಸಿಕೊಂಡನಲ್ಲ, ಆ ಕೈದಿ. ಹುಡುಗನಾಗಿದ್ದಾಗ ಶ್ರೀವ್‌ಪೋರ್ಟಿನ ಫ್ಯಾನಿನ್ ಸ್ಟ್ರೀಟಿನ ಹೆಂಡದಂಗಡಿಗಳಲ್ಲಿ ಪಿಯಾನೋದವರ ಎಡಗೈ ಉರುಳಿಸುವ ಮಂದ್ರ ಕೇಳಿ, ಅದನ್ನೇ ಗಿಟಾರಿನಲ್ಲಿ ಹಿಡಿಯಲು ಹೊರಟವನು. ಮಾಮೂಲಿ ಗಿಟಾರಿನ ಅತಿ ಕೆಳಗಿನ ಸ್ವರ ‘ಇ’ ಆದರೆ ಅವನದು ‘ಬಿ’ಯ ಆಸುಪಾಸು. ಅದೇ ತಂತಿಯನ್ನು ‘ಇ’ಯಿಂದ ‘ಬಿ’ಗೆ, ಅಂದರೆ ಐದು ಫ್ರೆಟ್ಟಿನಷ್ಟು (ಐದು ಅರ್ಧಸ್ವರ) ಇಳಿಸಿದರೆ ಎಳೆತ ಶೇ. 56ಕ್ಕೆ ಬರುತ್ತದೆ, ಬರೀ ಸಡಿಲ, ಜೋಲು. ಅದಕ್ಕೇ ದಪ್ಪ ತಂತಿ, ಅದಕ್ಕೇ ತಂತಿ ಮಿಡಿಯುವ ಉದ್ದ ಮಾಮೂಲಿಗಿಂತ ಒಂದಿಂಚು ಹೆಚ್ಚು, ಇಪ್ಪತ್ತಾರೂವರೆ ಇಂಚು. ಪ್ರತಿ ದಪ್ಪ ತಂತಿಯ ಪಕ್ಕ ಮೇಲಿನ ಸ್ಥಾಯಿಯ ತೆಳುತಂತಿ ಇರುವುದರಿಂದ ಆ ಗುಡುಗಿನಲ್ಲೂ ಸ್ವರ ಸ್ಪಷ್ಟ. ಇಂಥ ಗಿಟಾರನ್ನು ಮಾಮೂಲಿ ಶ್ರುತಿಗೆ ಏರಿಸಿದರೆ ಹಲಗೆಯ ಮೇಲೆ ತಂತಿಗಳನ್ನು ಹಿಡಿದಿರುವ ಸೇತುವೆಯೇ (ಬ್ರಿಡ್ಜ್) ಕಿತ್ತು ಬರಬಹುದು.

ಇಷ್ಟನ್ನೂ ಅವತ್ತು ಗಿಟಾರು ಅಪ್ಪಿಕೊಂಡೇ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು: ‘ಆರು ತಂತಿ ಸಾಕು ಅಂದಿದ್ರೆ ಅರ್ಧ ರೇಟಿಗೆ ಕೊಡ್ತಿದ್ರಾ?’