ಈಜುಕೊಳ ಮುಚ್ಚಿದ ವರ್ಷ ಮಳೆ ಬೇಗ ಬಂತು

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟಗಳ ನಡುವಿನ ತಗ್ಗಿನಲ್ಲಿ ಊರವರ ಈಜುಕೊಳವೊಂದಿತ್ತು. 25 ಮೀಟರ್ ಉದ್ದ, 12.5 ಮೀಟರ್ ಅಗಲ. ಹದಿನಾಲ್ಕು ವರ್ಷ ಅದರ ಪಂಪು, ಫಿಲ್ಟರು, ಕ್ಲೋರಿನ್ ನೋಡಿಕೊಂಡವನು ನಾನು. ಅದನ್ನು ಮುಚ್ಚಿದವನೂ ನಾನೇ, ಅದೂ ಎರಡು ಸಲ.

ಕೊಳಕ್ಕೆ ವಯಸ್ಸಾಗಿತ್ತು. ಬೆಳಗಾಗುವಾಗ ನೀರು ಇಳಿದಿರುತ್ತಿತ್ತು. ಬಿಸಿಲಿಗೆ ಆರಿದ್ದೆಷ್ಟು, ಸೋರಿದ್ದೆಷ್ಟು ಎಂದು ತಿಳಿಯಲು ಒಂದು ಬಕೆಟ್ ಸಾಕು. ಕೊಳದ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಅದೇ ನೀರು ತುಂಬಿಸಿ, ಎರಡೂ ಕಡೆ ಗೆರೆ ಎಳೆದು, ಪಂಪು ನಿಲ್ಲಿಸಿ ಒಂದು ದಿನ ಬಿಟ್ಟೆ. ಬಕೆಟ್‌ನಲ್ಲಿ 6 ಮಿಲಿಮೀಟರ್ ಇಳಿದಿತ್ತು, ಕೊಳದಲ್ಲಿ 35. ನೋಡಲು ಬೆರಳಿನ ಒಂದು ಗೆಣ್ಣು. ಅಷ್ಟಗಲದ ಕೊಳದಲ್ಲಿ ಆ ಒಂದು ಗೆಣ್ಣು ದಿನಕ್ಕೆ ಸುಮಾರು 9,000 ಲೀಟರ್ ಆಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಾವಿ ಅಷ್ಟು ಕೊಡುತ್ತಿರಲಿಲ್ಲ. ಹೊಸ ನೀರು ಸೇರಿದಷ್ಟೂ ಕ್ಲೋರಿನ್ ತೆಳುವಾಗುತ್ತದೆ. ಪರೀಕ್ಷೆಯ ಹನಿ ಹಾಕಿದರೆ ನೀರು ಹಳದಿಗೆ ತಿರುಗಬೇಕು. ನಮ್ಮದು ಮಧ್ಯಾಹ್ನದ ಹೊತ್ತಿಗೆ ಬಿಳಿಚಿಕೊಳ್ಳುತ್ತಿತ್ತು. 2024ರಲ್ಲಿ ಕೇರಳದಲ್ಲಿ ಅಮೀಬಾ ಮಿದುಳು ಜ್ವರದ ಪ್ರಕರಣಗಳು ಒಂದರ ಹಿಂದೊಂದು ಬಂದಿದ್ದವು. ಆ ಅಮೀಬಾ ಕುಡಿದರೆ ಬರುವಂಥದ್ದಲ್ಲ, ಮೂಗಿನ ಮೂಲಕ ಹತ್ತುವಂಥದ್ದು. ಮುಳುಗು ಹಾಕುವ ಮಕ್ಕಳನ್ನು ಇಟ್ಟುಕೊಂಡು ಆ ಬಿಳಿಚಿದ ನೀರನ್ನು ನೋಡುವಾಗ ನನಗೆ ಊಟ ಸೇರುತ್ತಿರಲಿಲ್ಲ. ಮುಚ್ಚೋಣ ಎಂದು ಸಮಿತಿಯವರಿಗೆ ಹೇಳಿದವನು ನಾನೇ.

ಫಲಕದಲ್ಲಿ ಮಲಯಾಳ ಮೇಲೆ, ಕನ್ನಡ ಕೆಳಗೆ: ‘ದುರಸ್ತಿಗಾಗಿ ತಾತ್ಕಾಲಿಕವಾಗಿ ಮುಚ್ಚಲಾಗಿದೆ.’ ನಮ್ಮ ಕಡೆಯ ಫಲಕಗಳಲ್ಲಿ ಕನ್ನಡ ತಪ್ಪಿರುತ್ತದೆ ಎಂದು ಗೊಣಗುವವರು ಬಹಳ. ಇದರಲ್ಲಿ ಕಾಗುಣಿತ ಸರಿಯಿತ್ತು, ವಿಷಯವೇ ಸುಳ್ಳು. ತಿಂಗಳುಗಟ್ಟಲೆ ‘ಯಾವಾಗ ತೆರೆಯುತ್ತೀರಿ ಅಣ್ಣಾ’ ಎಂದು ಮಕ್ಕಳು ಕೇಳುವಾಗ ಸಮಿತಿಯವರು ಯಾರೂ ಅಲ್ಲಿರಲಿಲ್ಲ, ನಾನಿದ್ದೆ.

ಇನ್ನು ನನ್ನ ತಪ್ಪು. 2025ರ ಮೇ ತಿಂಗಳು. ಜೂನ್ 1ಕ್ಕೆ ಮಳೆ ಎಂಬುದು ನಮ್ಮೆಲ್ಲರ ಲೆಕ್ಕ. ಅಷ್ಟರೊಳಗೆ ನೀರು ಖಾಲಿ ಮಾಡಿ ಮಣ್ಣು ತುಂಬಿಸುವುದೆಂದು ಹೊರಟೆ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಹನಿ ಹಾಕಿದರೂ ಹಳದಿಯಾಗದ ಮೇಲೆ ಪಕ್ಕದ ತೋಟಕ್ಕೆ ನೀರು ಹರಿಸಿದೆವು. ಬೇಸಿಗೆಯ ಕೊನೆಯಲ್ಲಿ ಅಷ್ಟು ನೀರು! ತೋಟದವರು ಹಲಸಿನ ಹಣ್ಣು ತಂದುಕೊಟ್ಟರು.

ಬಾವಿ ತೋಡುವ ಅಣ್ಣನೊಬ್ಬರು ಇಣುಕಿ ನೋಡಿ, “ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದಲ್ಲ, ಆಗ ನಿಮ್ಮ ಈ ತೊಟ್ಟಿ ಏನು ಮಾಡುತ್ತದೆ?” ಎಂದರು. ಅದಕ್ಕೆ ಮೊದಲೇ ಮಣ್ಣು ತುಂಬಿರುತ್ತದೆ ಎಂದು ನಕ್ಕೆ.

ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ಮಣ್ಣಿನ ಮೊದಲ ಲಾರಿ ಅಂಗಳದಲ್ಲೇ ಹೂತುಹೋಯಿತು, ಎರಡನೆಯದು ಬರಲಿಲ್ಲ. ಕೊಳ ಬಾಯಿ ತೆರೆದುಕೊಂಡು ಖಾಲಿ ನಿಂತಿತು. ಬಿದ್ದ ಮಳೆನೀರನ್ನು ದಿನವೂ ಪಂಪು ಮಾಡಿ ಹೊರಹಾಕಿದೆ. ನನ್ನ ಮಟ್ಟಿಗೆ ಅದು ಶ್ರದ್ಧೆ. ಬಾವಿಯಿಂದ ಮತ್ತೆ ತುಂಬಿಸಿದ್ದರೆ ಕೊಳ ಉಳಿಯುತ್ತಿತ್ತು. ಆದರೆ ಖಾಲಿ ಮಾಡಿಸಿದ ಕೊಳಕ್ಕೆ ನಾನೇ ನೀರು ಬಿಟ್ಟರೆ ಊರವರು ಏನೆಂದಾರು?

ಜೂನ್ ಎರಡನೇ ವಾರ ಒಂದು ಬೆಳಿಗ್ಗೆ ಆಳದ ಕಡೆಯಿಂದ ಟಪ್ ಟಪ್ ಎಂದು ಕೇಳಿಸಿತು. ಟೈಲ್ಸ್ ಸಾಲು ಸಾಲಾಗಿ ಎದ್ದು ಸಿಡಿಯುತ್ತಿದ್ದವು. ನಡುವೆ ತಳ ದೋಸೆಯಂತೆ ಉಬ್ಬಿತ್ತು. ನೆಲದಡಿಯ ನೀರು ತಳಕ್ಕಿಂತ ಒಂದು ಮೀಟರ್ ಮೇಲೇರಿದರೆ, ಪ್ರತಿ ಚದರ ಮೀಟರನ್ನು ಒಂದು ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನ ಭಾರ ಅಷ್ಟೇ ಜಾಗಕ್ಕೆ ಸುಮಾರು ಅರ್ಧ ಟನ್ ಮಾತ್ರ. ಇಷ್ಟು ವರ್ಷ ತಳವನ್ನು ಅದುಮಿ ಹಿಡಿದದ್ದು ಕೊಳದೊಳಗಿನ ನೀರೇ. ಅಂಥ ಒತ್ತಡ ಬಂದಾಗ ತಾನಾಗಿ ತೆರೆದುಕೊಂಡು ಅಡಿಯ ನೀರನ್ನು ಒಳಗೆ ಬಿಡುವ ವಾಲ್ವ್ ಆಳದ ತುದಿಯಲ್ಲಿತ್ತು. ಹಿಂದೊಮ್ಮೆ ಟೈಲ್ಸ್ ಬದಲಾಯಿಸುವಾಗ, ನೋಡಲು ಚೆನ್ನಾಗಿಲ್ಲವೆಂದು ಅದರ ಮೇಲೆ ಟೈಲ್ಸ್ ಹಾಕಿಸಿದವನು ನಾನು.

ಕೊನೆಗೆ ತಳಕ್ಕೆ ಡ್ರಿಲ್ ಇಳಿಸಿದೆವು. ಮೊದಲ ತೂತಿನಿಂದ ಕೆಂಪು ನೀರು ಮೊಣಕಾಲೆತ್ತರ ಚಿಮ್ಮಿತು. ಸಂಜೆಯ ಹೊತ್ತಿಗೆ ಒಳಗಿನ ನೀರೂ ಪಕ್ಕದ ಬಾವಿಯ ನೀರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಸಿಡಿಯುವ ಸದ್ದು ನಿಂತಿತು. ಸೊಳ್ಳೆಯಾಗದಿರಲಿ ಎಂದು ಗಪ್ಪಿ ಮೀನು ಬಿಟ್ಟು ಮಳೆಗಾಲ ಕಳೆದೆವು.

ಎರಡನೇ ಸಲ ಮುಚ್ಚಿದ್ದು ಜನವರಿಯಲ್ಲಿ. ಬಾವಿಯ ನೀರು ಕೊಳದ ತಳಕ್ಕಿಂತ ಕೆಳಗಿಳಿದದ್ದನ್ನು ಹಗ್ಗ ಬಿಟ್ಟು ಅಳೆದು, ಕಲ್ಲು ಮಣ್ಣು ಅಂಗಳದಲ್ಲಿ ರಾಶಿ ಬಿದ್ದ ಮೇಲೆಯೇ ಪಂಪು ಹಚ್ಚಿದೆ. ತಳಕ್ಕೆ ಇನ್ನಷ್ಟು ತೂತು ಹಾಕಿಸಿದೆ, ಇಲ್ಲವಾದರೆ ಮಣ್ಣು ತುಂಬಿದ ತೊಟ್ಟಿಯೂ ಮಳೆನೀರು ಹಿಡಿದು ಕೆಸರಾಗುತ್ತದೆ. ಗೋಡೆಯ ಮೇಲಿನ ಮೂರಡಿ ಒಡೆಸಿ ಒಳಕ್ಕೆ ಹಾಕಿ, ಮೇಲೆ ಕೆಂಪುಕಲ್ಲಿನ ಚೂರು, ಜಲ್ಲಿ, ಕೊನೆಗೆ ಮಣ್ಣು. ಪ್ರತಿ ಪದರಕ್ಕೂ ರೋಲರ್. ಫಲಕದಲ್ಲಿ ‘ತಾತ್ಕಾಲಿಕವಾಗಿ’ ಎಂಬುದನ್ನು ಅಳಿಸಿ ‘ಶಾಶ್ವತವಾಗಿ’ ಎಂದು ನಾನೇ ಬರೆದೆ.

ಆಳದ ತುದಿಯಲ್ಲಿ ಮಾತ್ರ ರೋಲರ್ ಮೂಲೆಗೆ ತಲುಪಿರಲಿಲ್ಲ. ಮೊದಲ ಮಳೆಗೇ ಅಲ್ಲಿ ಒಂದು ಗೇಣು ಕುಸಿದಿದೆ. ಇನ್ನೊಂದು ಲೋಡ್ ಮಣ್ಣಿಗೆ ಹೇಳಿದ್ದೇನೆ.