ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ ಮೊದಲು ಬಾನೆಟ್ ತೆರೆಯಿರಿ

ವಿಜಯಪುರದಲ್ಲಿ ಕಾರಿನ ಹೀಟರ್ ಕೆಟ್ಟರೆ ಅದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು. ಬೆಳಗಾವಿಯಲ್ಲಿ ಹಾಗಲ್ಲ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲೋ ಅಂಬೋಲಿಯ ದಾರಿಯಲ್ಲೋ ಮುಂದಿನ ಗಾಜಿನ ಒಳಮೈಗೆ ಹಬೆ ಕಟ್ಟಿದಾಗ, ಗಾಳಿಯ ತೇವವನ್ನು ಎಸಿ ಹೀರಿಕೊಂಡು, ಅದೇ ಗಾಳಿಯನ್ನು ಹೀಟರ್ ಬಿಸಿ ಮಾಡಿ ಗಾಜಿಗೆ ಊದಿದರೆ ಮಾತ್ರ ರಸ್ತೆ ಬೇಗ ಕಾಣುತ್ತದೆ. ಆದ್ದರಿಂದ ಇಲ್ಲಿ ಹೀಟರ್ ಎಂದರೆ ಚಳಿಗಾಲದ ಸುಖವಷ್ಟೇ ಅಲ್ಲ, ಸುರಕ್ಷತೆಯ ಸಾಧನವೂ ಹೌದು.

ಹೀಟರ್‌ಗೆಂದು ಕಾರಿನಲ್ಲಿ ಬೇರೆ ಒಲೆ ಇರುವುದಿಲ್ಲ. ಎಂಜಿನ್ನಿನ ಶಾಖವನ್ನು ಹೊತ್ತು ರೇಡಿಯೇಟರ್‌ಗೆ ಹೋಗುವ ಕೂಲಂಟ್ ಎಂಬ ದ್ರವದ ಒಂದು ಪಾಲು, ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ, ಬಂದು ಮರಳುತ್ತದೆ. ಬ್ಲೋವರ್ ಅದರ ಮೇಲೆ ಹಾಯಿಸಿದ ಗಾಳಿಯೇ ಒಳಗೆ ಬಿಸಿಯಾಗಿ ಬರುತ್ತದೆ. ಹೀಗಿರುವಾಗ ಹೀಟರ್ ತಣ್ಣಗಿದೆ ಎಂದರೆ, ಅನೇಕ ವೇಳೆ ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯಲ್ಲೇ ಏನೋ ಕೊರತೆಯಿದೆ ಎಂದರ್ಥ. ಡಿಸೆಂಬರ್‌ನಲ್ಲಿ ಇದನ್ನು ಕಡೆಗಣಿಸಿದ ಕಾರು, ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಬಿಸಿಲಿನಲ್ಲಿ ರಸ್ತೆ ಬದಿಯಲ್ಲಿ ಕುದಿದು ನಿಲ್ಲುವ ಸಾಧ್ಯತೆ ಹೆಚ್ಚು. ಡ್ಯಾಶ್‌ಬೋರ್ಡ್ ಬಿಚ್ಚುವ ಮಾತಿಗೆ ಒಪ್ಪುವ ಮುನ್ನ ಬಾನೆಟ್ ಕೆಳಗೆ ನೋಡಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮಟ್ಟವನ್ನು ನೋಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಚ್ಚಲೇಬೇಡಿ. ಒತ್ತಡದಲ್ಲಿ ನೂರು ಡಿಗ್ರಿ ಮೀರಿಯೂ ಕುದಿಯದೆ ನಿಂತಿದ್ದ ದ್ರವವು ಮುಚ್ಚಳ ಸಡಿಲಿಸಿದ ಕ್ಷಣವೇ ಉಕ್ಕಿ ಮುಖವನ್ನು ಸುಡುತ್ತದೆ. ಮಟ್ಟ ಇಳಿದಿದ್ದರೆ ಹೀಟರ್ ಕೋರ್‌ನಲ್ಲಿ ಗಾಳಿ ಸೇರಿಕೊಂಡಿರಬಹುದು. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬರುವುದು, ಆಕ್ಸಿಲರೇಟರ್ ಒತ್ತಿದಾಗ ಬೆಚ್ಚಗಾಗಿ ಸಿಗ್ನಲ್‌ನಲ್ಲಿ ನಿಂತಾಗ ಮತ್ತೆ ತಣ್ಣಗಾಗುವುದು ಇದರ ಲಕ್ಷಣಗಳು. ಇಳಿದ ಕೂಲಂಟ್ ಎಲ್ಲಿಗೆ ಹೋಯಿತೆಂದು ಹುಡುಕದೆ ಬರೀ ತುಂಬಿಸುತ್ತ ಹೋಗಬಾರದು. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ ಒಳಗೆ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ; ಹೊರಗೆಲ್ಲೂ ಸೋರಿಕೆ ಕಾಣದೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲನ್ನು, ಅಂದರೆ ಹೆಡ್ ಗ್ಯಾಸ್ಕೆಟನ್ನು, ಪರೀಕ್ಷಿಸಬೇಕು.

ಮಟ್ಟ ಸರಿಯಿದ್ದರೆ ಎಂಜಿನ್ ಬಿಸಿಯಾಗಲು ಬಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಕೋರ್‌ಗೆ ಹೋಗುವ ಎರಡೂ ಹೋಸ್‌ಗಳನ್ನು ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರವಿಟ್ಟು ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದರೆ ದೋಷ ಗಾಳಿಯ ದಾರಿಯಲ್ಲಿದೆ: ಬಿಸಿ ಮತ್ತು ತಣ್ಣನೆಯ ಗಾಳಿಯನ್ನು ಬೆರೆಸುವ ಬಾಗಿಲು ತಿರುಗುತ್ತಿಲ್ಲ. ಸಣ್ಣ ಕಾರುಗಳಲ್ಲಿ ಇದನ್ನು ಎಳೆಯುವ ಕೇಬಲ್ ಕ್ಲಿಪ್‌ನಿಂದ ಕಳಚಿರುವುದುಂಟು. ಎರಡೂ ತಣ್ಣಗಿದ್ದು, ಹೆದ್ದಾರಿಯಲ್ಲಿ ಉಷ್ಣಾಂಶದ ಮುಳ್ಳು ಕೆಳಗೇ ಉಳಿಯುತ್ತಿದ್ದರೆ ರೇಡಿಯೇಟರ್ ಕಡೆಗೆ ಕೂಲಂಟ್ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದೇ ನಿಂತಿದೆ. ಸುಮಾರು 80ರಿಂದ 90 ಡಿಗ್ರಿಯ ನಡುವೆ ತೆರೆಯಬೇಕಾದ ಅದು ಮೊದಲೇ ತೆರೆದಿದ್ದರೆ ಎಂಜಿನ್ ಸಾಕಷ್ಟು ಬಿಸಿಯೇರುವುದಿಲ್ಲ.

ವಿಜಯಪುರದ ನಮ್ಮ ಕಾಕಾ ಅವರಿಂದ ನಮ್ಮ ಮನೆಗೆ ಬಂದ ಕಾರಿನಲ್ಲಿ ಒಂದು ಹೋಸ್ ಕೈ ಇಡಲಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ಅಂದರೆ ಒಳಹೋದ ಕೂಲಂಟ್ ಹೊರಬರುತ್ತಿಲ್ಲ, ಕೋರ್ ಕಟ್ಟಿದೆ. ಕಾರಣ ಕೇಳಿದಾಗ ತಿಳಿಯಿತು: ರೇಡಿಯೇಟರ್ ಮಟ್ಟ ಇಳಿದಾಗಲೆಲ್ಲ ಬೋರ್ ನೀರನ್ನೇ ಹಾಕುತ್ತ ಬಂದಿದ್ದರು. ನಮ್ಮ ಕಡೆ ಇದು ಎಷ್ಟು ಸಾಮಾನ್ಯವೋ ಅಷ್ಟೇ ಹಾನಿಕರ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನೊಳಗೂ ಕಟ್ಟುತ್ತದೆ, ಮತ್ತು ಅತಿ ಕಿರಿದಾದ ನಾಳಗಳಿರುವ ಹೀಟರ್ ಕೋರ್‌ನಲ್ಲಿ ಅದರ ಪರಿಣಾಮ ಬೇಗ ಕಾಣುತ್ತದೆ. ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ನೆಲದ ನೀರಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಕೂಲಂಟ್ ಬೇಡ ಎನ್ನುವವರು, ಅದು ತುಕ್ಕನ್ನು ತಡೆಯುತ್ತದೆ ಮತ್ತು ಕುದಿಯುವ ಬಿಂದುವನ್ನು ಏರಿಸುತ್ತದೆ ಎಂಬುದನ್ನು ಮರೆಯುತ್ತಾರೆ.

ಸುಣ್ಣದ ಪದರವನ್ನು ಸಡಿಲಿಸುವ ರೇಡಿಯೇಟರ್ ಫ್ಲಶ್ ದ್ರಾವಣವನ್ನು ಬಾಟಲಿಯ ಮೇಲೆ ಹೇಳಿದಷ್ಟೇ ಹೊತ್ತು ಓಡಿಸಿ, ಎಂಜಿನ್ ತಣಿದ ಮೇಲೆ ಎರಡೂ ಹೋಸ್ ಬಿಚ್ಚಿ, ಕೂಲಂಟ್ ಹೊರಬರುವ ಕಡೆಯಿಂದ ಹಿಮ್ಮುಖವಾಗಿ ನೀರು ಬಿಟ್ಟೆವು. ಒತ್ತಡ ಹೆಚ್ಚಿದರೆ ತೆಳು ಅಲ್ಯೂಮಿನಿಯಂ ಕೋರ್ ಒಡೆಯುವುದರಿಂದ ನಳವನ್ನು ಸಣ್ಣಗೇ ತಿರುಗಿಸಿದ್ದೆವು. ಮೊದಲು ಕೆಂಪು ರಾಡಿ, ಬಳಿಕ ಬಿಳಿ ಚಕ್ಕೆ, ಕೊನೆಗೆ ತಿಳಿನೀರು ಬಂತು. ಹಳೆಯ ಕೂಲಂಟ್ ವಿಷಕಾರಿಯಾಗಿದ್ದು ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕದಂತೆ ಡಬ್ಬಿಯಲ್ಲಿ ಹಿಡಿದಿಟ್ಟೆವು. ಆಮೇಲೆ ಕಾರಿನ ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟನ್ನು ಸಮಪಾಲು ಬೆರೆಸಿ ತುಂಬಿದೆವು. ತಣ್ಣಗಿದ್ದಾಗಲೇ ಮುಚ್ಚಳ ತೆರೆದು ಎಂಜಿನ್ ಚಾಲೂ ಮಾಡಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಗುಳ್ಳೆ ನಿಲ್ಲುವವರೆಗೂ ತುಂಬುತ್ತ ಹೋದೆವು. ಈಗ ಎರಡೂ ಹೋಸ್ ಬಿಸಿಯಾಗುತ್ತವೆ, ಗಾಜಿನ ಹಬೆ ಬೇಗ ಕರಗುತ್ತದೆ.

ಬಿಸಿಲ ನಾಡಿನಿಂದ ಹಳೆಯ ಕಾರು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಕೋರ್ ಸೋರಿದಾಗ ಹೊಸದನ್ನು ಹಾಕದೆ ಎರಡು ಹೋಸ್‌ಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಿಬಿಡುವ ರೂಢಿಯಿದೆ. ಎಂಜಿನ್ ಸುಗಮವಾಗಿ ಓಡುತ್ತದೆ, ಹೀಟರ್ ಮಾತ್ರ ಎಂದಿಗೂ ಬಿಸಿಯಾಗದು. ಹಣ ಕೊಡುವ ಮುನ್ನ ಬಾನೆಟ್ ತೆಗೆಸಿ, ಆ ಎರಡೂ ಹೋಸ್‌ಗಳು ಕ್ಯಾಬಿನ್ನಿನ ಗೋಡೆಯೊಳಗೆ ಹೋಗುತ್ತಿವೆಯೇ ಎಂದು ನೋಡಿಕೊಳ್ಳಿ.