ಮದುವೆ ದುಡ್ಡಲ್ಲಿ ಸಿನಿಮಾ

2013ರಲ್ಲಿ ಜನರೇ ದುಡ್ಡು ಹಾಕಿದ 'ಲೂಸಿಯಾ' ಬಂದಾಗ ನಾನು ಮೈಸೂರಿನಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದೆ. ಈಗಲೂ ಮಾಡುತ್ತೇನೆ. ಮುಹೂರ್ತವಿಲ್ಲದ ಆಷಾಢದಲ್ಲಿ ಮಾತ್ರ ನನ್ನ ಸ್ವಂತ ಶೂಟಿಂಗ್. ಆಗ ಕ್ಯಾಮೆರಾನೂ ಖಾಲಿ, ಗೆಳೆಯರೂ ಖಾಲಿ, ಜೇಬೂ ಖಾಲಿ.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಸಾವಿರ ಜನ ಹೇಗೋ ಆದರು. ಗಂಟೆಗಳು ಆಗಲಿಲ್ಲ. ನೆಂಟರು ಸಬ್‌ಸ್ಕ್ರೈಬ್ ಮಾಡುತ್ತಾರೆ, ನೋಡಲ್ಲ ಅಲ್ವಾ!

ಕೈಹಿಡಿದದ್ದು ಹಾಡು. ಪುರಂದರದಾಸರ ಒಂದು ಪದವನ್ನು ತಂಗಿ ಹಾಡಿದಳು, ನಾನು ಹಾರ್ಮೋನಿಯಂ ನುಡಿಸಿದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಗಾಳಿಯೋ ಗಾಳಿ. ಮೈಕ್‌ಗೆ ಅಮ್ಮನ ಉಣ್ಣೆ ಟೋಪಿ ಹಾಕಿದ್ದೆ. ವಿಡಿಯೊ ಹಾಕಿದ ದಿನವೇ ಒಂದು ಆಡಿಯೊ ಕಂಪನಿಯಿಂದ ಹಕ್ಕಿನ ತಕರಾರು. ದಾಸರು ಹೋಗಿ ನಾನೂರು ವರ್ಷ ದಾಟಿದೆ! ಪದಕ್ಕೆ ಯಾರ ಹಕ್ಕೂ ಇಲ್ಲ, ಅವರದು ಅವರ ರೆಕಾರ್ಡಿಂಗ್ ಮಾತ್ರ. ಅದನ್ನೇ ಬರೆದು ಕಳಿಸಿದೆ. ಹದಿನೆಂಟು ದಿನ ಕಾದ ಮೇಲೆ ತಕರಾರು ಹಿಂದೆ ಹೋಯಿತು.

ಈಗ ಪ್ರತಿ ಹಾಡಿನ ಮೊದಲ ಟೇಕನ್ನೂ ಸಾಕ್ಷಿಗೆ ಅಂತ ಇಟ್ಟುಕೊಳ್ಳುತ್ತೇನೆ. ತಂಗಿ ಕೆಮ್ಮಿದ್ದೂ ಅದರಲ್ಲಿದೆ.